ಕೋಟಿನ ಜೇಬಿನ ಸುಣ್ಣ

ಯಾರಾದರೂ ನಮಗೆ ಅನ್ಯಾಯ ಮಾಡಿದರೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮಾಸದಂತೆ ನೋಡಿಕೊಂಡರೆ ಅದು ಹಾಲು ಕೊಡುವ ಹಸುವಿದ್ದ ಹಾಗೆ. ದಿನವೂ ಏನಾದರೂ ಕೊಡುತ್ತಿರುತ್ತದೆ. ಅಂಥದೊಂದನ್ನು ನಾನು ಮೂರೋ ನಾಲ್ಕೋ ವರ್ಷ ಸಾಕಿದ್ದೆ.

ಆಗ ನಾನು ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಕನ್ನಡ ಮೇಷ್ಟ್ರು. ಗಣಿಯಲ್ಲಿ ಬಿಳಿ ದೊರೆಗಳು ಇನ್ನೂ ಇದ್ದರೋ, ಗಂಟುಮೂಟೆ ಕಟ್ಟುತ್ತಿದ್ದರೋ, ಸರಿಯಾಗಿ ಹೇಳಲಾರೆ. ನನ್ನ ನೆನಪನ್ನು ಎಷ್ಟು ನಂಬಬಹುದು ಎಂಬುದು ಮುಂದೆ ನಿಮಗೇ ತಿಳಿಯುತ್ತದೆ. ಪಕ್ಕದ ಮನೆಯಲ್ಲಿ ಆರೋಗ್ಯಸ್ವಾಮಿ, ಗಣಿಗೆ ಇಳಿಯುವವನು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ನನ್ನ ಮರ್ಯಾದೆಗೆ ಕನ್ನಡ. ಕ್ರಿಸ್‌ಮಸ್ ಹತ್ತಿರ ಬಂದರೆ ಅವರ ಸಾಲಿನಲ್ಲೆಲ್ಲ ಮನೆಗೆ ಸುಣ್ಣ ಬಳಿಯುವ ಸಂಭ್ರಮ. ಒಂದು ವರ್ಷ ಅವನು ನಮ್ಮಿಬ್ಬರ ನಡುವಿನ ಗೋಡೆಗೆ ಬಳಿದ ದಿನ, ಈಚೆ ಹಗ್ಗದ ಮೇಲೆ ನನ್ನ ಕರಿ ಕೋಟು ಬಿಸಿಲು ಕಾಯುತ್ತಿತ್ತು. ಬಂಗಾರಪೇಟೆಯ ಟೈಲರ್ ಹೊಲಿದದ್ದು, ಇನ್‌ಸ್ಪೆಕ್ಟರು ಶಾಲೆಗೆ ಬಂದಾಗ ಮಾತ್ರ ಹಾಕುವಂಥದ್ದು. ಸಂಜೆ ತೆಗೆಯಲು ಹೋದರೆ ಜೇಬಿನ ಮೇಲೆ ಅಂಗೈಯಗಲ ಸುಣ್ಣದ ಕಲೆ.

ನಾನು ಕೂಗಾಡಲಿಲ್ಲ. ಕೂಗಾಡಿದ್ದರೆ ವಿಷಯ ಅಲ್ಲಿಗೇ ಮುಗಿದುಹೋಗುತ್ತಿತ್ತು. ಜ್ವರ ಬಂದ ಮಗುವನ್ನು ಎತ್ತಿಕೊಂಡಂತೆ ಕೋಟನ್ನು ಎರಡೂ ಕೈಯಲ್ಲಿ ಹೊತ್ತು ಅವನ ಬಾಗಿಲಿಗೆ ಹೋಗಿ, ತೋರಿಸಿ, ಇರಲಿ ಬಿಡಪ್ಪ ಎಂದು ನಿಟ್ಟುಸಿರು ಬಿಟ್ಟು ಬಂದೆ. ಪಾಪ, ಅವನ ಮುಖ ಗೋಡೆಗಿಂತ ಬೆಳ್ಳಗಾಯಿತು.

ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಬೆಳಗ್ಗೆ ಸ್ವಲ್ಪ ಹೊತ್ತು. ಸಾಲಿನ ಬಾಲದಲ್ಲಿದ್ದವರಿಗೆ ಸಿಗುತ್ತಿದ್ದದ್ದು ನಲ್ಲಿಯ ಗೊರಕೆ ಮಾತ್ರ. ಮರುದಿನದಿಂದ ಎಲ್ಲರಿಗಿಂತ ಮೊದಲು ಎದ್ದ ಆರೋಗ್ಯಸ್ವಾಮಿ ನಮ್ಮ ಬಿಂದಿಗೆಯನ್ನು ಒಯ್ದು ತನ್ನ ಬಿಂದಿಗೆಯ ಮುಂದಿಡತೊಡಗಿದ. ನಾನು ಬೇಡವೆನ್ನಲಿಲ್ಲ. ಅವನ ಉತ್ಸಾಹ ಇಳಿಯಿತೆಂದು ಅನುಮಾನ ಬಂದಾಗಲೆಲ್ಲ ಕೋಟನ್ನು ಹೊರಗೆ ಬಿಸಿಲಿಗೆ ಹಾಕುತ್ತಿದ್ದೆ, ಕಲೆ ಅವರ ಕಿಟಕಿಗೆ ಕಾಣುವಂತೆ. ಕ್ಯಾಸಂಬಳ್ಳಿ ಕಡೆಯವಳಾದ ನನ್ನ ಹೆಂಡತಿ ಉಜ್ಜಿ ನೋಡ್ತೀನಿ ಎಂದರೆ, ಬಟ್ಟೆ ಹಾಳಾಗುತ್ತದೆ ಎಂದು ತಡೆಯುತ್ತಿದ್ದೆ.

ಪ್ರತಿ ಕ್ರಿಸ್‌ಮಸ್‌ಗೂ ಅವನು ಮನೆಯಲ್ಲಿ ಕರಿದ ಗರಿಗರಿ ಅಚ್ಚುಮುರುಕಿನ ತಟ್ಟೆ ಹಿಡಿದು ಬಂದು ಕ್ಷಮೆ ಕೇಳುವನು. ಅದೆಲ್ಲ ಯಾಕಪ್ಪ ಎನ್ನುವೆನು ನಾನು. ಅದು ಕ್ಷಮಿಸಿದಂತೆಯೂ ಅಲ್ಲ, ಕ್ಷಮಿಸದಂತೆಯೂ ಅಲ್ಲ; ನಲ್ಲಿಯ ನೀರು ತಪ್ಪದೆ ಬರುವಷ್ಟು ಮಾತ್ರ. ಕೊನೆಗೊಂದು ವರ್ಷ ಅವನು ತಟ್ಟೆ ಕೊಟ್ಟು ಬಾಗಿಲಲ್ಲೇ ನಿಂತ.

"ಸಾರ್, ವರ್ಷಾ ವರ್ಷಾ ಯಾಕಪ್ಪ ಯಾಕಪ್ಪ ಅಂತೀರ. ಮನ್ನಿಸಿದೀನಿ ಅಂತ ಒಂದು ಮಾತು ಬರ್ಲಿಲ್ಲ. ನಾಳೆ ಚರ್ಚಲ್ಲಿ ಪೂಜೆಗೆ ಹೋಗ್ಬೇಕು ಸಾರ್. ಎದೆ ಮೇಲೆ ಕಲ್ಲು ಇಟ್ಟಂಗೆ ಅದೆ."

ನನ್ನ ಬಾಯಲ್ಲಿ ಅವನದೇ ಮುರುಕು. ಅಡಿಗೆಮನೆಯ ಬಾಗಿಲಿಂದ ಹೆಂಡತಿಯ ಕಣ್ಣು. ಮನ್ನಿಸಿದ್ದೇನೆ ಎಂದುಬಿಟ್ಟೆ. ಅವನು ಕಣ್ಣೊರೆಸಿಕೊಂಡು ಹೋದ. ಆ ದಿನವೆಲ್ಲ ನನಗೆ ನಾನೇ ಎಷ್ಟು ದೊಡ್ಡವನಾಗಿ ಕಂಡೆನೆಂದರೆ ಮನೆಯ ಬಾಗಿಲು ಚಿಕ್ಕದೆನಿಸಿತು.

ಹಬ್ಬ ಕಳೆದ ಬೆಳಗ್ಗೆ ನಲ್ಲಿಗೆ ಹೋದರೆ ಸಾಲಿನ ಮುಂದೆ ಅವನ ಬಿಂದಿಗೆ ಒಂದೇ. ನಮ್ಮದು ಮನೆಯಲ್ಲೇ ಕೂತಿತ್ತು. ಆರೋಗ್ಯಸ್ವಾಮಿ ಹಗುರಾಗಿ ಸಿಳ್ಳೆ ಹಾಕುತ್ತ, ಗುಡ್ ಮಾರ್ನಿಂಗ್ ಸಾರ್ ಎಂದ. ಕ್ಷಮೆ ಇಷ್ಟು ಪೂರ್ತಿಯಾಗಿ ಕೆಲಸ ಮಾಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಇನ್ನು ಕೋಟು ಉಜ್ಜುವುದನ್ನು ತಡೆಯಲು ಕಾರಣವಿರಲಿಲ್ಲ. ಒಗೆಯಲು ಕೂತ ಹೆಂಡತಿ ಜೇಬನ್ನು ಒಳಹೊರಗು ಮಾಡಿ ನನ್ನನ್ನು ಕರೆದಳು.

"ಇಲ್ನೋಡ್ರೀ. ಮ್ಯಾಲಿಂದ ಬಿದ್ದಿದ್ರೆ ಒಳಗೆ ಇಷ್ಟು ದಪ್ಪ ಎಂಗಿರ್ತದೆ? ಇದು ನಿಮ್ಮ ಎಲೆಅಡಿಕೆ ಡಬ್ಬಿ ಸುಣ್ಣ ಕಣ್ರೀ, ಸೋರೈತೆ."

ನಾನು ಒಪ್ಪಲಿಲ್ಲ. ಅವನ ಕುಂಚ ಮೇಲೇಳುವುದನ್ನು, ಹನಿ ಗೋಡೆ ದಾಟಿ ಹಾರುವುದನ್ನು ಕಣ್ಣಾರೆ ಕಂಡಿದ್ದೆ. ಈಗಲೂ ಕಾಣುತ್ತದೆ. ಆ ಹೊತ್ತಿನಲ್ಲಿ ನಾನು ಶಾಲೆಯಲ್ಲಿದ್ದೆ ಎಂಬುದನ್ನು ಅವಳೇ ಜ್ಞಾಪಿಸಬೇಕಾಯಿತು.

ಕೋಟು ಹಿಡಿದು ಮತ್ತೆ ಅದೇ ಬಾಗಿಲಿಗೆ ಹೋದೆ. ನಡೆದದ್ದೆಲ್ಲ ಹೇಳಿ, ತಪ್ಪು ನನ್ನದು, ನೀನೇ ನನ್ನನ್ನು ಕ್ಷಮಿಸಬೇಕು ಎಂದೆ. ಅವನು ಜೇಬನ್ನು ನೋಡಲೂ ಇಲ್ಲ.

"ಅದೆಂಗೆ ಸಾರ್? ಕುಂಚ ಜಾರಿದ್ದು ನಂಗೇ ಚೆನ್ನಾಗಿ ಜ್ಞಾಪಕ ಅದೆ. ಪಾದ್ರಿಗಳ ಹತ್ರ ಒಪ್ಕೊಂಡಾಯ್ತು, ನೀವು ಮನ್ನಿಸಿದ್ದೂ ಆಯ್ತು. ಈಗ ಮಾಡೇ ಇಲ್ಲ ಅಂದ್ರೆ ಅಷ್ಟೂ ವೇಸ್ಟಾಯ್ತದಲ್ಲ ಸಾರ್. ನಿಮ್ದೇನೂ ತಪ್ಪಿಲ್ಲ, ಹೋಗಿ."

ನನ್ನ ಕೈಗೆ ಮುರುಕು ತುರುಕಿ ಕಳಿಸಿದ. ಮರುದಿನ ಬೇಗ ಎದ್ದು ಅವನ ಬಿಂದಿಗೆಯನ್ನು ನಾನೇ ಮುಂದಿಡೋಣವೆಂದು ಹೋದರೆ, ಅದು ಆಗಲೇ ತುಂಬಿ ಮನೆ ಸೇರಿತ್ತು.

ಕಲೆ ಪೂರ್ತಿ ಹೋಗಲಿಲ್ಲ. ಅದೇ ಕೋಟು ಹಾಕಿಕೊಂಡು ನಿಂತಿದ್ದಾಗ ಇನ್‌ಸ್ಪೆಕ್ಟರು ಒಮ್ಮೆ, ಏನ್ರೀ ಅದು ಎಂದು ಕೇಳಿದರು. ಪಕ್ಕದ ಮನೆಯವನು ಸುಣ್ಣ ಚೆಲ್ಲಿದ ಸಾರ್, ನಾನು ಕ್ಷಮಿಸಿಬಿಟ್ಟೆ ಎಂದೆ. ಅದರಲ್ಲಿ ಎರಡನೆಯದಂತೂ ನಿಜ.