ಏಕಕೋಶ ಪ್ರೋಟೀನ್ ವಿಚ್ಛೇದನ ಪ್ರಸಂಗ

ಅಣುರೇಣುತೃಣಕಾಷ್ಠಗಳನ್ನೆಲ್ಲ ಅಳೆದು ತೂಗಿ ಫೋಟೋ ತೆಗೆಯುವ ಈ ಪರಮಪರಿಶೋಧಕ ಯುಗಕ್ಕೆ ಜಯವಾಗಲಿ! ಧಾರವಾಡದ ಒಂದು ಪ್ರಯೋಗಶಾಲೆಯ ಎರಡನೆಯ ಮಹಡಿಯೆಂಬ ರಣಾಂಗಣದಲ್ಲಿ, ಶ್ವೇತಕಂಚುಕಧಾರಿಣಿಯೂ ನೀಲಹಸ್ತಕವಚಭೂಷಿತೆಯೂ ಷಡ್ವರ್ಷ ಪಿಎಚ್.ಡಿ. ವನವಾಸಪೀಡಿತೆಯೂ ಆದ ನೀಲಾಂಬಿಕಾ ಬಳಿಗಾರಳೆಂಬ ವೀರಾಂಗನೆಯ ಪರಾಕ್ರಮವನ್ನು ಹೇಳುವೆನು. ನಡುವೆ ಆಕಳಿಸುವವರು ಈಗಲೇ ಎದ್ದು ಹೋಗಬಹುದು.

ಆಕೆಯ ಮಾರ್ಗದರ್ಶಿ, ಕೆಂಪುಶಾಯಿಪ್ರಹಾರನಿಪುಣೆ ಡಾ. ಮಂದಾಕಿನಿ ದೀಕ್ಷಿತರು ಘೋರ ಪ್ರತಿಜ್ಞೆ ಮಾಡಿದ್ದರು: "ಒಂದೇ ಜೀವಕೋಶದಾಗಿನ ಎರಡು ಪ್ರೋಟೀನ್ ಬ್ಯಾರೆ ಬ್ಯಾರೆ ಮಾಡಿ ತೋರಸು. ಇಲ್ಲಾಂದ್ರ ನನ್ನ ಸಹಿ ಇಲ್ಲ." ಶುಕ್ರವಾರದೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿಯೇ ರದ್ದು. ರೋಗಿಯಿಂದ ಬಂದ ಜೀವಕೋಶಗಳು ಉಳಿದದ್ದು ಒಂದೇ ಒಂದು ನಳಿಕೆ. ಅದು ಕೆಟ್ಟರೆ ಆರು ವರ್ಷ ನೀರಲ್ಲಿ ಹೋಮ.

ಹಿಂದಿನ ದಿನವಷ್ಟೇ ಆಯುಧಪೂಜೆ. ಅಷ್ಟಾವಿಂಶತಿವರ್ಷಸೇವಾನಿರತ ತಂತ್ರಜ್ಞ ಚನ್ನಬಸಪ್ಪನವರು ಪ್ರೋಟೀನುಗಳನ್ನು ಓಡಿಸುವ ವಿದ್ಯುತ್ ಪೆಟ್ಟಿಗೆಗೆ ವಿಭೂತಿ ಬಳಿದು, ಅದರ ವೈರುಗಳ ತುದಿತುದಿಗೂ ಕುಂಕುಮ ಮೆತ್ತಿದ್ದರು. ನೀಲಾಂಬಿಕೆ ಒದ್ದೆ ಬಟ್ಟೆಯನ್ನು ಖಡ್ಗದಂತೆ ಎತ್ತಿದಳು.

"ಮುಟ್ಟಬ್ಯಾಡ ಯವ್ವಾ!" ಎಂದು ಗುಡುಗಿದರು ಚನ್ನಬಸಪ್ಪ. "ಪೂಜಿ ಮಾಡಿದ ಮರುದಿನಾನ ಕುಂಕುಮ ಒರಸಿದ್ರ ಮಶೀನು ಮುನಿಸ್ಕೊತೈತಿ. ಇಪ್ಪತ್ತೆಂಟು ವರ್ಷದಾಗ ನನ್ನ ಕೈಯಾಗ ಒಂದು ಫ್ಯೂಸ್ ಹೋಗಿಲ್ಲ, ತಿಳೀತಿಲ್ಲೋ?"

"ಕಾಕಾ, ನಾನೂ ಕಡಿಮಿ ಇಲ್ಲ! ಕೂದಲಿಗಿಂತ ತೆಳು ಜೆಲ್ಲಿನಾಗ ಸಾವಿರ ಗುಣಿ ತೋಡಿ, ಗುಣಿಗೊಂದರಂಗ ಜೀವಕೋಶ ಕೂಡಿಸಾಕಿ ನಾನು!" ಹೀಗೆ ಗರ್ಜಿಸಿದವಳು ಬಟ್ಟೆಯನ್ನು ಸುಮ್ಮನೆ ಕೆಳಗಿಟ್ಟಳು. ಮುನಿಸಿಕೊಂಡ ಮಶೀನಿನ ಭಯ ಯಾರಿಗಿಲ್ಲ ಹೇಳಿ?

ವೈರು ಜೋಡಿಸಿದವರು ಚನ್ನಬಸಪ್ಪನವರೇ. ಜೆಲ್ ಹೊತ್ತ ಗಾಜುಫಲಕದ ಮೇಲೆ ಸೋಪಿನಂಥ ದ್ರಾವಣ ಸುರಿಯಿತು, ಗುಣಿಗಳೊಳಗೆ ಜೀವಕೋಶಗಳು ಒಡೆದವು, ಇನ್ನೂರು ವೋಲ್ಟಿನ ಪ್ರಚಂಡ ವಿದ್ಯುತ್ತು ಮೂವತ್ತು ಸೆಕೆಂಡು ಹರಿಯಿತು. ಗುಣಿಯಿಂದ ಕೆಳಗೆ, ಕೆಂಪು ವೈರಿನ ಕಡೆಗೆ, ಸಣ್ಣ ಪ್ರೋಟೀನು ಮುಂದೆ, ದಢೂತಿ ಪ್ರೋಟೀನು ಹಿಂದೆ ಓಡಬೇಕು. ಅತಿನೇರಳೆ ಬೆಳಕು ಅವನ್ನು ಓಡಿದಲ್ಲೇ ಹಿಡಿದು ನಿಲ್ಲಿಸಿತು. ಬಣ್ಣ ಹಚ್ಚಿ, ತೊಳೆದು, ಸ್ಕ್ಯಾನರಿಗೆ ಇಟ್ಟು ನೋಡಿದರೆ ಗುಣಿಗಳ ಕೆಳಗೆ ಗಾಢಾಂಧಕಾರ. ಪ್ರೋಟೀನಿನ ಒಂದು ಗೆರೆಯೂ ಇಲ್ಲ!

ನೀಲಾಂಬಿಕೆ ಓಡಿಹೋಗಿ ವೈರುಗಳನ್ನು ಉಗುರಿನಿಂದ ಕೆರೆದಳು. ಅಯ್ಯೋ! ಕೆಂಪು ವೈರಿನ ಜಾಗದಲ್ಲಿದ್ದದ್ದು ಕುಂಕುಮ ಮೆತ್ತಿದ ಕಪ್ಪು ವೈರು. ಧನ ಋಣವಾಗಿ, ಋಣ ಧನವಾಗಿ, ಪ್ರೋಟೀನ್ ಸೇನೆಯೆಲ್ಲ ಹಿಮ್ಮುಖವಾಗಿ ಓಡಿತ್ತು.

"ನಿಮ್ಮ ಕುಂಕುಮ ನನ್ನ ಆರು ವರ್ಷ ನುಂಗ್ತು ಕಾಕಾ!" ಎಂದು ಆ ವೀರಾಂಗನೆ ಸ್ಟೂಲಿನ ಮೇಲೆ ಕುಸಿದು, ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತಳು. ಚನ್ನಬಸಪ್ಪನವರ ಮುಖ ಇಳಿದುಹೋಯಿತು. ಕೊಂಬಿಲ್ಲದ ಎತ್ತಿನಂತೆ ತಲೆ ತಗ್ಗಿಸಿ ವೈರಿನ ಕುಂಕುಮ ಒರೆಸತೊಡಗಿದರು. ನನಗೂ ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಒರೆಸುತ್ತಲೇ ಅವರು ಅಂಜುತ್ತ ಕೇಳಿದರು: "ಯವ್ವಾ, ಗುಣಿ ಮ್ಯಾಲಿನ ಕಡೆ ಜೆಲ್ ಇಲ್ಲೇನು?"

"ಐತಿ. ಸುತ್ತಲೂ ಐತಿ."

"ಮತ್ತ ಹಿಂದಕ್ಕ ಓಡಿದವು ಎಲ್ಲಿ ಹೋಗತಾವು? ಅಲ್ಲೇ ಇರಬೇಕಲ್ಲ?"

ಆಕೆ ಕಣ್ಣೊರಸಿಕೊಂಡು ಪರದೆಯ ಚಿತ್ರವನ್ನು ಕೆಳಕ್ಕೆ ಸರಿಸಿ ಗುಣಿಗಳ ಮೇಲ್ಭಾಗ ನೋಡಿದಳು. ಒಂದೊಂದು ಗುಣಿಯ ಮೇಲೂ ಎರಡೆರಡು ಗೆರೆ! ಹಿಂದೊಂದು, ಮುಂದೊಂದು, ಸ್ಪಷ್ಟವಾಗಿ ಬೇರೆ ಬೇರೆ. ಆರು ವರ್ಷದ ಮಹಾಯುದ್ಧವನ್ನು ಗೆಲ್ಲಲು ಉಳಿದಿದ್ದ ಕೆಲಸವೆಂದರೆ ಗಾಜನ್ನು ತಲೆಕೆಳಗೆ ತಿರುಗಿಸಿ ಇಡುವುದು. ತಿರುಗಿಸಿ ಇಟ್ಟಳು.

ಮಂದಾಕಿನಿ ದೀಕ್ಷಿತರು ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿ ನೋಡಿದರು. ಗೆರೆಗೂ ಗೆರೆಗೂ ನಡುವಿನ ಅಂತರ ಎಳ್ಳಿನ ಕಾಲುಭಾಗದಷ್ಟಿತ್ತು.

"ಛಲೋ ಬಂದದ. ಅನುಬಂಧ ಮೂರಕ್ಕ ಹಾಕು," ಎಂದರು.

"ಮೇಡಂ, ಮುಖ್ಯ ಅಧ್ಯಾಯಕ್ಕ..."

"ಅಲ್ಲಿ ಜಾಗಾ ಇಲ್ಲ. ಅನುಬಂಧ ಯಾರೂ ಓದಂಗಿಲ್ಲ, ನಾನೂ ಓದಂಗಿಲ್ಲ," ಎನ್ನುತ್ತ ಅವರು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.