ವೈರ್ ಇಲ್ಲದ ಗೇಮ್ ಬೇಕಾಗಿದೆ

ನಮ್ಮ ಮಾಮಾನಷ್ಟು ಪ್ರಾಮಾಣಿಕರನ್ನು ನಾನು ಕಂಡಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು, ಒಂದೇ ಒಂದು ಸುಳ್ಳನ್ನು ಒಂದಕ್ಷರ ಬದಲಿಸದೆ ಹೇಳಿಕೊಂಡು ಬಂದಿದ್ದಾರೆ! ನಿಮ್ಮಿಂದ ಆಗುತ್ತದೆಯೇ? ನಾವೆಲ್ಲ ವಾರಕ್ಕೊಂದು ಹೊಸ ಸುಳ್ಳು ಹೇಳಿ ಹಳೆಯದನ್ನು ಮರೆತುಬಿಡುವ ಮಂದಿ.

ಮಾಮಾ ಅಂದರೆ ನಮ್ಮ ಅಕ್ಕನ ಗಂಡ; ನಮ್ಮ ಕಡೆ ಹೆಂಡತಿಯ ತಮ್ಮನನ್ನು ಅಳಿಯಾ ಅನ್ನುತ್ತಾರೆ. ಬಾಗಲಕೋಟೆಯ ನವನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು ಕೂತಿರುವುದರಿಂದ ಮೂವತ್ತಕ್ಕೇ ಮುದುಕರಂತೆ ಕಾಣುತ್ತಿದ್ದರು; ಐವತ್ತಾದರೂ ಹಾಗೇ ಕಾಣುತ್ತಾರೆ, ಅದೊಂದು ಲಾಭ. ಅವರು ಓದುವುದು ಕರೆಂಟ್ ಬಿಲ್ ಒಂದನ್ನೇ. ಆದ್ದರಿಂದ ಇದನ್ನೆಲ್ಲ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನೋ, ಬಸ್‌ಸ್ಟ್ಯಾಂಡಿನಲ್ಲಿ ಪೆನ್ನು, ಬಾಚಣಿಕೆ ಮಾರಿ ಮೇಲೆ ಬಂದವನು. ಈಗ ಹಳೇ ಫ್ರಿಜ್, ಕೂಲರ್, ಟಿವಿ ಕೊಂಡು ಮಾರುವ ಅಂಗಡಿ ಇದೆ. ಕೇಳದಿದ್ದರೂ ಒಂದು ಮಾತು ಹೇಳಿಬಿಡುತ್ತೇನೆ: ಹಳೇ ಸಾಮಾನು ಕೊಳ್ಳುವಾಗ ಮುಖ ನೋಡಬೇಡಿ, ಬೆನ್ನು ನೋಡಿ. ಮುಖ ಒರೆಸಿ ಇಟ್ಟಿರುತ್ತಾರೆ. ಬೆನ್ನು ಒರೆಸುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಮಾಮಾ ಪೇಚಿಗೆ ಸಿಕ್ಕದ್ದೂ ಬೆನ್ನಿನ ವಿಷಯದಲ್ಲೇ. ಹಳೇ ಬಾಗಲಕೋಟೆಯಲ್ಲಿ, ಇನ್ನೂ ಮೀಸೆ ತಿರುವುವ ವಯಸ್ಸಿನಲ್ಲಿ, ಒಂದೇ ಓಣಿಯ ಐದು ಮಂದಿ ಗೆಳೆಯರು ಪಟ್ಟಿ ಹಾಕಿ ಗೋವಾದಿಂದ ಬಂದವನೊಬ್ಬನ ಹತ್ತಿರ ಒಂದು ಗೇಮ್ ಕೊಂಡಿದ್ದರು. ಒಳಗೆ ಸಿಡಿ ಹಾಕಿ, ಟಿವಿಗೆ ಜೋಡಿಸಿ ಆಡುವಂಥದ್ದು. ಐವರಿಗೂ ಪ್ರಾಣಕ್ಕೆ ಪ್ರಾಣ ಕೊಡುವ ಗೆಳೆತನ. ಆದರೆ ಗೇಮ್ ಒಬ್ಬನ ಮನೆಯಲ್ಲಿಡಲು ಮಾತ್ರ ನಂಬಿಕೆ ಇಲ್ಲ! ಇಟ್ಟುಕೊಂಡವನು ಒಬ್ಬನೇ ಕದ್ದು ಆಡಿಬಿಟ್ಟರೆ? ಅದಕ್ಕೆ ಹಿರಿಯರು ಆಸ್ತಿ ಹಂಚಿದಂತೆ ಹಂಚಿಕೊಂಡರು. ಟಿವಿ ವೈರ್ ಒಬ್ಬನಿಗೆ, ಕರೆಂಟಿನ ವೈರ್ ಒಬ್ಬನಿಗೆ, ಎರಡು ರಿಮೋಟ್ ಒಬ್ಬನಿಗೆ, ಸಿಡಿಗಳು ಒಬ್ಬನಿಗೆ, ಸಿಡಿ ಹಾಕುವ ಡಬ್ಬಿ ನಮ್ಮ ಮಾಮಾಗೆ. ಐದೂ ಮಂದಿ ಕೂಡದೆ ಆಟ ಇಲ್ಲ. ಒಬ್ಬನಿಗೆ ಜ್ವರ ಬಂದರೆ ಉಳಿದ ನಾಲ್ವರೂ ಅವನ ಮನೆ ಬಾಗಿಲಲ್ಲಿ ಕೂಡುತ್ತಿದ್ದರಂತೆ. ಅವನ ಮೇಲಿನ ಕರುಣೆಯೋ, ವೈರಿನ ಮೇಲಿನ ಆಸೆಯೋ, ದೇವರೇ ಬಲ್ಲ.

ಆಮೇಲೆ ಅಣೆಕಟ್ಟು ಬಂದು ಊರು ಮುಳುಗಡೆಗೆ ಸೇರಿತು. ಮಾಮಾ ಟ್ರ್ಯಾಕ್ಟರಿಗೆ ಸಾಮಾನು ಹೇರುವಾಗ ಅವರ ಅವ್ವನ ಬೀಸುವ ಕಲ್ಲನ್ನು ಕೂಸಿನಂತೆ ಎತ್ತಿ ಇಟ್ಟರು. ಅಟ್ಟದ ಮೇಲಿನ ಗೇಮಿನ ಡಬ್ಬಿ ಮರೆತರು. ಎರಡು ದಿನ ಬಿಟ್ಟು ಓಡಿಹೋದರೆ ಮನೆ ಕೆಡವಿಬಿಟ್ಟಿದ್ದರು; ಗೋಡೆಯೂ ಇಲ್ಲ, ಅಟ್ಟವೂ ಇಲ್ಲ. ಇನ್ನು ಸ್ವಲ್ಪ ದಿನಕ್ಕೆ ಅಲ್ಲೆಲ್ಲ ನೀರು ನಿಂತಿತು. ಗೆಳೆಯರು ಒಬ್ಬ ಇಳಕಲ್ಲಿಗೆ, ಒಬ್ಬ ಹುನಗುಂದಕ್ಕೆ, ಒಬ್ಬ ಬಾದಾಮಿಗೆ, ಒಬ್ಬ ಗುಳೇದಗುಡ್ಡಕ್ಕೆ ಚದುರಿದರು. ಹೋಗುವಾಗ ಪ್ರತಿಯೊಬ್ಬನೂ ಕೇಳಿದ, ಡಬ್ಬಿ ಹುಷಾರಾಗಿ ಐತೇನಲೇ? ಮಾಮಾ, ಐತಿ, ಅಂದರು. ಅದೇ ಆ ಸುಳ್ಳು.

ಫೋನ್ ಮಾಡಿದಾಗಲೆಲ್ಲ ಅವರು ಕೇಳುವುದು, ಇವರು ಐತಿ ಅನ್ನುವುದು. ಹೋದ ಶ್ರಾವಣದಲ್ಲಿ ಹುನಗುಂದದ ಗೆಳೆಯ ಸುಮ್ಮನಿರಲಾರದೆ ಎಲ್ಲರನ್ನೂ ಒಪ್ಪಿಸಿಬಿಟ್ಟ: ದೀಪಾವಳಿ ಪಾಡ್ಯಕ್ಕೆ ನಾಲ್ವರೂ ತಮ್ಮ ತಮ್ಮ ಪಾಲು ತಗೊಂಡು ನವನಗರಕ್ಕೆ ಬರುವುದು, ಆಡುವುದು. ಮಾಮಾ ಬರ್ರಿ ಎಂದು ಫೋನಿಟ್ಟು, ಗಿರಣಿ ಬಂದ್ ಮಾಡಿ, ಸೀದಾ ನನ್ನ ಅಂಗಡಿಗೆ ಬಂದು ಹಳೇ ಫ್ರಿಜ್ಜಿನ ಮೇಲೆ ಕೂತರು.

"ಅಳಿಯಾ, ಅಂಥಾದ್ದ ಒಂದು ಬೇಕು."

ಅಂಥಾದ್ದು ಅಂದರೆ ಎಂಥಾದ್ದು? ಈ ವ್ಯಾಪಾರದಲ್ಲಿ ಪಳಗಿದವರನ್ನು ವಿಚಾರಿಸಿದೆ. ಒಂದೇ ಗೇಮಿನಲ್ಲಿ ನಾಲ್ಕು ಥರ. ಮೊದಲನೆಯದು ಬೂದಿ ಬಣ್ಣದ ದಪ್ಪ ಡಬ್ಬಿ, ಬೆನ್ನಿಗೆ ಹಳದಿ, ಬಿಳಿ, ಕೆಂಪು ಮೂರು ತೂತು. ಎರಡನೆಯದೂ ಹಾಗೇ, ಆದರೆ ಬೆನ್ನಿಗೆ ಬಣ್ಣದ ತೂತಿಲ್ಲ, ಚಪ್ಪಟೆ ತೂತೊಂದೇ. ಮೂರನೆಯದು ಬಿಳಿ, ಗುಂಡಗೆ, ಸಣ್ಣದು. ನಾಲ್ಕನೆಯದು ಈಚೆಗೆ ಬಂದ ಆಟಿಕೆಯಂಥದ್ದು. ನಿಮ್ಮದು ಯಾವುದು ಎಂದು ಕೇಳಿದರೆ ಮಾಮಾ ಅದನ್ನಿಟ್ಟ ಸ್ಟೂಲಿನ ಯಾವ ಕಾಲು ಕುಂಟುತ್ತಿತ್ತು ಎಂದು ಹೇಳಿದರು. ಶುರುವಾಗುವಾಗಿನ ಸಪ್ಪಳ ಬಾಯಲ್ಲಿ ಮಾಡಿ ತೋರಿಸಿದರು. ದಪ್ಪಗಿತ್ತು, ಬೂದಿ ಬಣ್ಣ, ಅಷ್ಟು ಖರೆ. ಬೆನ್ನು? ಅದು ಗೋಡೆಯ ಕಡೆ ಇರುತ್ತಿತ್ತಂತೆ!

ಗೆಳೆಯರನ್ನು ಕೇಳೋಣ ಎಂದರೆ, ನಿನ್ನ ಹತ್ರನ ಐತಲ್ಲ ನೋಡಲೇ ಅಂದಾರು.

ಹುಡುಕಾಟ ಶುರುವಾಯಿತು. ಬಾಗಲಕೋಟೆಯ ಪೇಟೆಯಲ್ಲೇ ನಾಲ್ಕನೆಯ ಥರದ್ದು ಸಿಕ್ಕಿತು. ಹೊಸದು, ಅಂಗೈಯಷ್ಟು, ಆಟಗಳೆಲ್ಲ ಒಳಗೇ ತುಂಬಿವೆ. ಅಗ್ಗಕ್ಕೂ ಒಪ್ಪಿಸಿದೆ. ಮಾಮಾ ತಿರುಗಿಸಿ ನೋಡಿ ಸಿಡಿ ಎಲ್ಲಿ ಹಾಕುವುದು ಎಂದರು. ಹಾಕುವ ಹಾಗೇ ಇಲ್ಲ, ಮುಚ್ಚಳ ಬರೀ ತೋರಿಕೆಗೆ, ಎಂದ ಅಂಗಡಿಯವ.

"ಹಂಗಾರ ಬಾದಾಮ್ಯಾಂವ ಅಷ್ಟು ದೂರದಿಂದ ಸಿಡಿ ತಗೊಂಡು ಬಂದ್ರ, ಅಂವನ್ನ ಏನ್ ಮಾಡ್ಲಿ?"

ಅಂಗಡಿಯವನಿಗೆ ಬಾದಾಮ್ಯಾಂವ ಯಾರೆಂದೇ ಗೊತ್ತಿಲ್ಲ. ಪಾಪ, ತಪ್ಪಾಯ್ತ್ರೀ ಎಂದ.

ನವನಗರದಲ್ಲೇ ಒಬ್ಬನ ಹತ್ತಿರ ಬಿಳಿಯದು ಸಿಕ್ಕಿತು. ಅಲ್ಲಿ ನಾನು ನನ್ನ ವಿದ್ಯೆಯನ್ನೆಲ್ಲ ತೋರಿಸಿದೆ: ಎರಡು ಸಲ ಎದ್ದು ಹೋಗಿ, ಮೂರು ಸಲ ಚಹಾ ಕುಡಿದು, ಅವನ ಸತ್ತ ಅಜ್ಜನ ಪರಿಚಯ ತೆಗೆದು, ರೇಟನ್ನು ಅರ್ಧಕ್ಕೆ ಇಳಿಸಿದೆ. ಮಾಮಾ ಅದನ್ನು ಎರಡೂ ಕೈಯಲ್ಲಿ ತೂಗಿ ನೋಡಿ, ಇದು ಉಪವಾಸ ಬಿದ್ದಂಗ ಐತಿ, ನಮ್ಮದು ಉಂಡದ್ದು, ಎಂದು ಎದ್ದುಬಂದರು. ಆ ಮನುಷ್ಯ ಇವತ್ತಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ.

ಉಳಿದದ್ದು ಎರಡು ದಪ್ಪ ಡಬ್ಬಿಗಳ ಪ್ರಶ್ನೆ. ಆಗ ನನಗೇ ಹೊಳೆಯಿತು. ಡಬ್ಬಿ ಮುಳುಗಿದರೇನು, ಟಿವಿ ವೈರ್ ಇಳಕಲ್ಲಿನಲ್ಲಿ ಇದೆಯಲ್ಲ! ಅದರ ಎರಡೂ ತುದಿಗೆ ಮೂರು ಬಣ್ಣ ಇದ್ದರೆ ಮೊದಲನೆಯ ಥರ. ಒಂದು ತುದಿ ಚಪ್ಪಟೆ ಇದ್ದರೆ ಎರಡನೆಯದು. ನೋಡಿಬಂದರೆ ಮುಗಿಯಿತು.

ಇಳಕಲ್ಲಿನ ಗೆಳೆಯ ಸೀರೆ ನೇಯುವವರು. ಮಾಮಾ ಸೀರೆ ಕೊಳ್ಳುವ ನೆಪದಲ್ಲಿ ಹೋದರು. ವೈರ್ ಕಪಾಟಿನ ಒಳಗೆ, ಕಪಾಟಿಗೆ ಬೀಗ. ಸೀರೆ ತಂದರು. ಮತ್ತೆ ಹೋದರು, ಮತ್ತೆ ಸೀರೆ. ಮೂರನೆಯ ಸೀರೆಗೆ ನಮ್ಮ ಅಕ್ಕ ಫೋನ್ ಮಾಡಿ, ನಿಮ್ಮ ಮಾಮಾಗ ಏನಾಗೇತೋ, ಈ ವಯಸ್ಸಿನಾಗ ನನ್ನ ಮ್ಯಾಲೆ ಪ್ರೀತಿ ಬಂದೈತಿ, ದವಾಖಾನಿಗೆ ತೋರಿಸೂಣೇನು, ಎಂದಳು.

ಕೊನೆಗೆ ಕೈಹಿಡಿದದ್ದು ಮಹಾನವಮಿಯ ಖಂಡೇಪೂಜಿ. ಆವತ್ತು ದುಡಿಯುವ ಸಾಧನಗಳನ್ನೆಲ್ಲ ತೊಳೆದು ಪೂಜೆಗಿಡುತ್ತಾರೆ. ನಾವು ಪ್ರಸಾದಕ್ಕೆಂದು ಹೋದರೆ, ಮಗ್ಗದ ಮುಂದೆ ಲಾಳಿ, ಕತ್ತರಿ, ಅಳತೆ ಕೋಲು ಸಾಲಾಗಿವೆ. ಅವುಗಳ ನಡುವೆ ಸುರುಳಿ ಸುತ್ತಿದ ವೈರ್, ಮೇಲೊಂದು ಚೆಂಡುಹೂವು! ಮಾಮಾ ಉದ್ದಂಡ ನಮಸ್ಕಾರಕ್ಕೆ ಬಿದ್ದವರು ಏಳಲೇ ಇಲ್ಲ. ಆ ಗೆಳೆಯನ ಹೆಂಡತಿ, ಅಣ್ಣಾರ ಭಕ್ತಿ ನೋಡ್ರಿ, ಎಂದು ಕಣ್ಣೊರೆಸಿಕೊಂಡರು. ಹೊರಗೆ ಬಂದು ಮಾಮಾ ನನ್ನ ಕಿವಿಯಲ್ಲಿ, ಚಪ್ಪಟಿ, ಎಂದರು.

ಎರಡನೆಯ ಥರದ್ದು ಬಾದಾಮಿಯಲ್ಲಿ ಸಿಕ್ಕಿತು, ಲಾಡ್ಜ್ ನಡೆಸುವ ಒಬ್ಬರ ಹತ್ತಿರ. ಆದರೆ ಅದು ಸಿಡಿಯ ಗೆಳೆಯನ ಊರು! ಮಾಮಾ ಮುಖಕ್ಕೆ ಟವೆಲ್ ಸುತ್ತಿಕೊಂಡು, ಕಣ್ಣೆರಡನ್ನೇ ಬಿಟ್ಟುಕೊಂಡು ಬಂದರು. ಮಂಗಗಳೂ ದಾರಿ ಬಿಟ್ಟವು. ಲಾಡ್ಜಿನವರು ಅಲ್ಲೇ ಟಿವಿಗೆ ಹಚ್ಚಿ ತೋರಿಸಿದರು. ಆ ಸಪ್ಪಳ ಬಂತು ನೋಡಿ, ಟವೆಲ್ಲಿನ ಒಳಗಿನಿಂದ ಮಾಮಾ ಮೂಗು ಎಳೆದದ್ದು ನನಗೆ ಕೇಳಿಸಿತು.

ರೇಟು ಕುದುರಿತು. ವೈರ್, ರಿಮೋಟ್ ಎಲ್ಲ ಕೂಡಿಸಿ ಕಟ್ಟಿಕೊಟ್ಟರು. ಮಾಮಾ ಗಂಟು ಬಿಚ್ಚಿ, ಡಬ್ಬಿಯೊಂದನ್ನೇ ಇಟ್ಟುಕೊಂಡು ಉಳಿದದ್ದೆಲ್ಲ ವಾಪಸ್ ಕೊಟ್ಟುಬಿಟ್ಟರು! ಕೊಟ್ಟದ್ದನ್ನು ಬಿಟ್ಟುಬರುವ ಗಿರಾಕಿಯನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಸುಮ್ಮನಾದರೂ ತಂದಿಡಿ, ಯಾರದ್ದಾದರೂ ಕೆಟ್ಟಿದ್ದರೆ ಬೇಕಾಗುತ್ತದೆ, ಎಂದು ಗುದ್ದಾಡಿದೆ.

"ಮನ್ಯಾಗ ವೈರ್ ಇದ್ರ, ಅವ್ರು ಯಾಕ ಬರ್ಬೇಕು ಅಳಿಯಾ?" ಎಂದರು ಮಾಮಾ.

ವೈರನ್ನು ನಾನೇ ಸುತ್ತಿ ವಾಪಸ್ ಇಟ್ಟೆ. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಲಾಡ್ಜಿನವರ ಕಡೆ ತಿರುಗಿ, ವೈರ್ ಇಲ್ಲದ ಗೇಮಿಗೆ ಈ ರೇಟು ಜಾಸ್ತಿ ಆತ್ರೀ, ಎಂದೆ. ಇನ್ನೂರು ಕಡಿಮೆ ಮಾಡಿದರು.

ಪಾಡ್ಯದ ಮಧ್ಯಾಹ್ನ ನಾಲ್ವರೂ ಬಂದರು. ಒಬ್ಬರ ತಲೆ ಪೂರ್ತಿ ಬೋಳು, ಒಬ್ಬರಿಗೆ ಮಂಡಿನೋವು. ಬಾಗಿಲು ದಾಟಿದ ಕೂಡಲೇ ನಾಲ್ವರಿಗೂ ಲೇ, ಮಗನ, ಶುರುವಾಯಿತು. ಒಬ್ಬೊಬ್ಬರೂ ಚೀಲದಿಂದ ತಮ್ಮ ಪಾಲು ತೆಗೆದಿಟ್ಟರು. ರಿಮೋಟುಗಳು ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಸುತ್ತಿದ್ದವು. ಮಾಮಾ ಒಳಗಿನಿಂದ ಡಬ್ಬಿ ತಂದರು. ಹಿಟ್ಟಿಲ್ಲದ ಹಣೆಯ ಮೇಲೆ ಬೆವರು ಎದ್ದು ಕಾಣುತ್ತಿತ್ತು.

ಹುನಗುಂದದವರು ಅದನ್ನು ಇಸಿದುಕೊಂಡು ಬೋರಲು ಮಾಡಿ, ಅಡಿಗೆ ಹೆಬ್ಬೆರಳು ಆಡಿಸಿದರು. ಆಮೇಲೆ ಬಾದಾಮಿಯವರ ಕೈಗಿತ್ತರು. ಅವರೂ ಬೋರಲು ಮಾಡಿದರು. ಗುಳೇದಗುಡ್ಡದವರಿಗೆ ಹೋಯಿತು. ಕೊನೆಗೆ ಇಳಕಲ್ಲಿನವರಿಗೆ.

"ಭಾಳ ಜ್ವಾಕಿ ಇಟ್ಟೀದಿ ಬಿಡಲೇ," ಎಂದರು ಇಳಕಲ್ಲಿನವರು.

ಆಮೇಲೆ ದೀಪ ಹಚ್ಚುವ ಹೊತ್ತಿನವರೆಗೂ ಆಡಿದರು. ಆಟ ಒಬ್ಬರಿಗೂ ಬರಲಿಲ್ಲ. ಬೈಗುಳ ಮಾತ್ರ ಒಂದೂ ಮರೆತಿರಲಿಲ್ಲ. ಹೊರಡುವಾಗ ಒಬ್ಬೊಬ್ಬರೂ ತಮ್ಮ ಪಾಲು ಕಿತ್ತುಕೊಂಡು ಚೀಲಕ್ಕೆ ಹಾಕಿಕೊಂಡರು. ಇಲ್ಲೇ ಇರಲಿ ಬಿಡ್ರಿ ಎಂದು ನಮ್ಮ ಅಕ್ಕ ಅಂದದ್ದಕ್ಕೆ ಒಬ್ಬರೂ ಕಿವಿಗೊಡಲಿಲ್ಲ.

ಹುನಗುಂದದವರು ಚಪ್ಪಲಿ ಮೆಟ್ಟುತ್ತ ನನ್ನನ್ನು ಹತ್ತಿರ ಕರೆದರು.

"ಡಬ್ಬಿ ಇಂವನ ಕೈಯಾಗ ಕೊಡೂ ಮುಂದ, ಅದಲಿಬದಲಿ ಮಾಡಿಗೀಡ್ಯಾನಂತ ಹೇಳಿ, ಇಂವಂಗ ಗೊತ್ತಾಗದಂಗ ಅದರ ಬುಡಕ್ಕ ನಾಕೂ ಮಂದಿ ಕೈವಾರದ ಮೊನಿಲೆ ಹೆಸರು ಕೊರದಿದ್ವಿ. ಇಂವಂಗ ಹೇಳಬ್ಯಾಡ್ರಿ ಮತ್ತ."

ನಾನು ಒಳಗೆ ಬಂದೆ. ಮಾಮಾ ಸ್ಟೂಲಿನ ಮುಂದೆ ಕೂತು, ಇನ್ನೂ ಬೆಚ್ಚಗಿದ್ದ ಡಬ್ಬಿಯ ಮೇಲೆ ಕೈ ಇಟ್ಟುಕೊಂಡಿದ್ದರು.

"ಅವ್ರಿಗೆ ಏನರೆ ಗೊತ್ತಾತೇನು, ಅಳಿಯಾ?"

"ಇಲ್ರಿ ಮಾಮಾ," ಎಂದೆ.