ಜೀಪಿಗೆ ಎಂಜಲು ಬಿಡಿಸಿದ್ದು

ಮಂತ್ರ ಹೇಳುವವನಿಗೆ ಯಂತ್ರ ಯಾಕೆ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಜೀಪು ಸ್ಟಾರ್ಟ್ ಮಾಡಿ ಹೊರಟುಬಿಡುತ್ತೇನೆ. ನಮ್ಮ ಮುಳಬಾಗಿಲು ತಾಲ್ಲೂಕಿನಲ್ಲಿ ಪುರೋಹಿತರಿಗೇನೂ ಬರವಿಲ್ಲ. ಸೈಕಲ್ಲಿನವರಿದ್ದಾರೆ, ಮೊಪೆಡ್ಡಿನವರಿದ್ದಾರೆ, ಬಸ್ಸಿಗೆ ಕಾದು ಮುಹೂರ್ತ ತಪ್ಪಿಸುವವರೂ ಇದ್ದಾರೆ. ಆದರೆ ನಾಲ್ಕು ಚಕ್ರಕ್ಕೂ ಎಳೆತವಿರುವ ಡೀಸೆಲ್ ಜೀಪು ಇಟ್ಟುಕೊಂಡ ಪುರೋಹಿತ ಆ ಕಾಲಕ್ಕೆ ಒಬ್ಬನೇ. ಅದು ನಾನು. ಬೆಟ್ಟದ ಮೇಲೆ ಗೃಹಪ್ರವೇಶವಿದ್ದರೂ, ಕೆರೆ ಏರಿಯಾಚೆ ಬೋರ್‌ವೆಲ್ ಪೂಜೆಯಿದ್ದರೂ ಜನ ನನ್ನನ್ನೇ ಕರೆಯುತ್ತಿದ್ದರು. ನನ್ನ ಮಂತ್ರಕ್ಕೋ ಜೀಪಿಗೋ ಎಂದು ನಾನು ವಿಚಾರಿಸಲು ಹೋಗಿರಲಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ಜೀಪು ಏರಿನಲ್ಲಿ ಸ್ವಲ್ಪ ದಮ್ಮು ಕಟ್ಟತೊಡಗಿತು. ಹಿಂದೆ ಕಪ್ಪು ಹೊಗೆ. ಮೆಕಾನಿಕ್ ಚಲಪತಿಯ ಹತ್ತಿರ ಒಯ್ದೆ. ಚಲಪತಿಗೆ ಅರ್ಧ ಮಾತು ತೆಲುಗು, ಅರ್ಧ ಮಾತು ಕನ್ನಡ, ಆದರೆ ಇಂಜಿನ್ ವಿಷಯದಲ್ಲಿ ಪೂರ್ತಿ ಪಂಡಿತ. ಬಾನೆಟ್ ಎತ್ತಿ ನೋಡಿದವನೇ ಹೇಳಿದ:

"ಅದೇಂ ಲೇದು ಸ್ವಾಮಿ, ದೊಡ್ಡ ರೋಗ ಏನಲ್ಲ. ಇದಕ್ಕೆ ಇಜಿಆರ್ ಅಂತ ಒಂದಿದೆ. ಇಂಜಿನ್ ಬಿಟ್ಟ ಹೊಗೇಲಿ ಒಂದು ಪಾಲು ಒಂದು ಸಣ್ಣ ಪೈಪಲ್ಲಿ ವಾಪಸ್ಸು ಒಳಕ್ಕೇ ಹೋಗುತ್ತೆ. ಗಾಳಿ ಜೊತೆ ಸೇರ್ಕೊಂಡು ಮತ್ತೆ ಇಂಜಿನ್ನಿಗೇ."

"ಅಂದ್ರೆ ತಾನು ಬಿಟ್ಟಿದ್ದನ್ನ ತಾನೇ ತಿನ್ನುತ್ತೆ?"

"ಹಂಗೇ ಅನ್ಕೊಳಿ. ಹೊಗೇಲಿರೋ ವಿಷ ಕಮ್ಮಿ ಆಗ್ಲಿ ಅಂತ ಮಾಡಿರೋದು. ಆದ್ರೆ ನಿಮ್ದು ಹಳೇದಾಗಿದೆ, ಒಳಗೆಲ್ಲಾ ಮಸಿ ಕಟ್ಟಿದೆ."

ನನಗೆ ಮುಂದಿನದು ಕೇಳಿಸಲಿಲ್ಲ. ಮೂರು ಹೊತ್ತು ಸಂಧ್ಯಾವಂದನೆ ಮಾಡುವ ಮನೆ. ಒಬ್ಬರ ತಟ್ಟೆಗೆ ಇನ್ನೊಬ್ಬರ ಕೈ ತಗುಲಿದರೆ ಎದ್ದು ಕೈ ತೊಳೆಯುವ ವಂಶ. ಅಂಥ ಮನೆಯ ಅಂಗಳದಲ್ಲಿ ನಿಂತು ಈ ಜೀಪು ಇಷ್ಟು ವರ್ಷ ಎಂಜಲು ತಿನ್ನುತ್ತಿತ್ತು! ಅದರಲ್ಲೇ ಕೂತು ನಾನು ಮಡಿಯುಟ್ಟು ದೇವರ ಕೆಲಸಕ್ಕೆ ಹೋಗುತ್ತಿದ್ದೆ.

"ಮುಚ್ಚಿಬಿಡು ಚಲಪತಿ," ಎಂದೆ.

"ಪೂರ್ತಿ ಮುಚ್ಚಬಾರ್ದು ಸ್ವಾಮಿ. ನಡುವೆ ಎಂಟು ಎಂ.ಎಂ. ತೂತಿರೋ ಪ್ಲೇಟು ಆ ಸಣ್ಣ ಪೈಪಿನ ಜಾಯಿಂಟಲ್ಲಿ ಕೂರಿಸಿದ್ರೆ ಸಾಕು. ಸೋಮವಾರ ಬನ್ನಿ, ಅರ್ಧ ಗಂಟೆ ಕೆಲ್ಸ. ಈಗ ನಾನು ಶ್ರೀನಿವಾಸಪುರಕ್ಕೆ ಹೊರಟಿದೀನಿ, ಭಾಮೈದನ ಮನೆಗೆ."

ಸೋಮವಾರದವರೆಗೆ ಕಾಯುವಂತಿರಲಿಲ್ಲ. ಭಾನುವಾರ ಮುನಿವೆಂಕಟಪ್ಪನ ಮಗಳು ಮಂಜುಳಳ ಮದುವೆ. ಮುನಿವೆಂಕಟಪ್ಪ ದೇವರಾಯಸಮುದ್ರದ ಆಚೆ ಹಿಪ್ಪುನೇರಳೆ ಬೆಳೆಯುವ ರೈತ, ಪೂಜೆ ಪುನಸ್ಕಾರಕ್ಕೆಲ್ಲ ನನ್ನನ್ನೇ ಕರೆಯುವ ಹಳೇ ಮನೆಯವನು. ಮಗಳ ಧಾರೆಯನ್ನು ಊರ ಪಕ್ಕದ ಬೆಟ್ಟದ ಗುಡಿಯಲ್ಲೇ ಮಾಡುತ್ತೇನೆಂದು ಹರಕೆ ಹೊತ್ತಿದ್ದ. ಆಷಾಢ ಹತ್ತಿರ ಬಂದಿತ್ತು. ಪಂಚಾಂಗ ಜಾಲಾಡಿ ಉಳಿದಿದ್ದ ಒಂದೇ ಲಗ್ನವನ್ನು ನಾನೇ ಹುಡುಕಿ ಕೊಟ್ಟಿದ್ದೆ. ಅದು ಹತ್ತಕ್ಕೆ ಹತ್ತು ನಿಮಿಷ ಇರುವಾಗ ಮುಗಿಯುತ್ತಿತ್ತು. ಅದು ತಪ್ಪಿದರೆ ಮದುವೆ ಶ್ರಾವಣಕ್ಕೆ ಹೋಗುತ್ತದೆ ಎಂದು ಗಂಭೀರವಾಗಿ ಎಚ್ಚರಿಸಿದ್ದವನೂ ನಾನೇ. ಸಾಲದ್ದಕ್ಕೆ, "ಮದುಮಗ ಬಾಸಿಂಗ ಕಟ್ಕೊಂಡು ಮೆಟ್ಲು ಹತ್ತೋದು ಶೋಭೆ ಅಲ್ಲ ಮುನಿವೆಂಕಟಪ್ಪ. ಹಿಂದಿನ ಮಣ್ಣು ದಾರೀಲಿ ನನ್ನ ಜೀಪಲ್ಲೇ ಕರ್ಕೊಂಡು ಬರ್ತೀನಿ" ಎಂದು ಮಾತು ಕೊಟ್ಟಿದ್ದೆ. ಎಂಜಲು ತಿನ್ನುವ ಗಾಡಿಯಲ್ಲಿ ಮದುಮಗನನ್ನು ಕೂರಿಸಲೇ?

ಶುಕ್ರವಾರ ಬೆಳಿಗ್ಗೆ ನಾನೇ ಕೆಲಸಕ್ಕೆ ಇಳಿದೆ. ಪ್ಲೇಟಿಗೆ ತಗಡು ಬೇಕಿತ್ತು. ಕಬ್ಬಿಣಕ್ಕಿಂತ ತಾಮ್ರ ಶ್ರೇಷ್ಠ ಎಂದು ಶಾಸ್ತ್ರವೇ ಹೇಳುತ್ತದೆ. ದೇವರ ಮನೆಯಲ್ಲಿ ತಾಮ್ರದ ಹರಿವಾಣವಿತ್ತು.

"ಏನ್ರೀ, ಹರಿವಾಣ ಎಲ್ಲಿ?" ಎಂದು ನನ್ನ ಹೆಂಡತಿ ಸಾವಿತ್ರಿ ಒಳಗಿನಿಂದ ಕೂಗಿದಳು.

"ಲೋಕಕಲ್ಯಾಣಕ್ಕೆ ಹೋಯ್ತು ಕಣೇ."

ಅವಳು ಹೊರಗೆ ಬಂದು ನನ್ನ ಕೈಯಲ್ಲಿದ್ದ ಕತ್ತರಿಯನ್ನೂ ತಗಡನ್ನೂ ನೋಡಿದಳು. "ಚಲಪತಿಗೊಂದು ಫೋನ್ ಮಾಡಿ ಕೇಳಿ ಮಾಡ್ಬಾರ್ದೇ?"

"ವೇದದ ಘನಪಾಠ ಕಲಿತವನಿಗೆ ಎರಡು ಬೋಲ್ಟು ಬಿಚ್ಚೋದು ಕಷ್ಟವೇ?"

"ಘನಪಾಠದಲ್ಲಿ ಬೋಲ್ಟು ಬರುತ್ತಾ?" ಎಂದು ಕೇಳಿ ಅವಳು ಒಳಗೆ ಹೋದಳು.

ಶುಕ್ರವಾರ ಹತ್ತೂವರೆಗೆ ರಾಹುಕಾಲ. ಮೊದಲ ಬೋಲ್ಟು ಅಷ್ಟರೊಳಗೆ ಸಡಿಲವಾಗಬೇಕು. ಒಮ್ಮೆ ಶುರುವಾದ ಕೆಲಸ ರಾಹುಕಾಲದಲ್ಲಿ ಮುಂದುವರಿದರೆ ದೋಷವಿಲ್ಲ. ನಾನು ಜೀಪಿನ ಕೆಳಗೆ ತೂರಿಕೊಂಡಾಗ ಹತ್ತೂ ಕಾಲು. ಚಲಪತಿ ಹೇಳಿದ್ದು ಸಣ್ಣ ಪೈಪು. ನನ್ನ ಕಣ್ಣೆದುರು ಇದ್ದದ್ದು ಒಂದೇ ಪೈಪು. ಒಂದೇ ಇದ್ದಾಗ ಅದು ಸಣ್ಣದೋ ದೊಡ್ಡದೋ ಹೇಳುವುದು ಹೇಗೆ? ನನಗೆ ಅದು ಸಣ್ಣದಾಗಿಯೇ ಕಂಡಿತು. ಹತ್ತೂ ಇಪ್ಪತ್ತೆಂಟಕ್ಕೆ ಬೋಲ್ಟು ಕಿರ್ರೆಂದಿತು. ಮನಸ್ಸಿನಲ್ಲೇ ಗಣಪತಿಗೆ ಕೈ ಮುಗಿದೆ.

ಹನ್ನೊಂದರ ಸುಮಾರಿಗೆ ಸ್ಪ್ಯಾನರು ಕೈಜಾರಿ ಬಿತ್ತು. ತೆಗೆಯಲು ತಲೆ ಆ ಕಡೆ ತಿರುಗಿಸಿದರೆ ಮೇಲೆ, ಇಂಜಿನ್ನಿನ ಹಿಂದೆ, ಇನ್ನೊಂದು ಪೈಪು ಕಂಡಿತು. ಅದು ಹೆಬ್ಬೆರಳು ಗಾತ್ರದ್ದು. ಸಣ್ಣ ಎಂದರೆ ಸಣ್ಣ. ನಿಜ ಹೇಳುತ್ತೇನೆ, ಆಗ ನನಗೆ ಒಂದು ಅನುಮಾನ ಬಂತು. ಆದರೆ ಈಗ ಆ ಪೈಪಿಗೆ ಕೈ ಹಾಕಿದರೆ ಅದು ಹೊಸ ಕೆಲಸ. ಹೊಸ ಕೆಲಸವನ್ನು ರಾಹುಕಾಲದಲ್ಲಿ ಶುರು ಮಾಡುವುದೇ? ಮದುಮಗ ಕೂರುವ ಗಾಡಿಗೆ? ಎಂದಿಗೂ ಇಲ್ಲ. ಶುಭ ಸಮಯದಲ್ಲಿ ಹಿಡಿದ ಪೈಪನ್ನೇ ಹಿಡಿದು, ನಡುವೆ ಎಂಟು ಎಂ.ಎಂ. ತೂತು ಕೊರೆದ ತಾಮ್ರದ ಪ್ಲೇಟನ್ನು ಅದರ ಜಾಯಿಂಟಿನಲ್ಲಿ ಕೂರಿಸಿ ಬಿಗಿದುಬಿಟ್ಟೆ.

ಸ್ಟಾರ್ಟ್ ಮಾಡಿದೆ. ಆಹಾ! ಜೀಪು ಕೂಗಾಡಲಿಲ್ಲ. ಮೆಲ್ಲಗೆ ಗೊಣಗಿತು. ಹಿಂದೆ ಹೊಗೆಯೂ ಇಲ್ಲ. ನನ್ನ ಅನುಮಾನವೆಲ್ಲ ಹಾರಿಹೋಯಿತು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಪೇಪರ್ ಹಿಡಿದುಕೊಂಡೇ ಗೇಟಿಗೆ ಬಂದರು.

"ಏನ್ರೀ ಇದು, ಶಬ್ದವೇ ಇಲ್ವಲ್ಲ?"

"ಎಂಜಲು ಬಿಡಿಸಿದೀನಿ ಮೇಷ್ಟ್ರೇ."

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ತಲೆಯಾಡಿಸಿದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದನೇ ಗೇರಿನಲ್ಲಿ ಎರಡು ಸುತ್ತು ಹೊಡೆದೆ. ಆ ದಿನ ಸಂಜೆ ದೇವಸ್ಥಾನದಲ್ಲಿ ನಾಲ್ಕು ಜನರಿಗೆ ಇಜಿಆರ್ ಬಗ್ಗೆ ಉಪನ್ಯಾಸವನ್ನೂ ಕೊಟ್ಟೆ. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ಮಲಗಿದ ದಿನ ಇನ್ನೊಂದಿಲ್ಲ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಹೊರಟೆ. ಅರ್ಧ ಗಂಟೆಯ ದಾರಿ. ಹೈವೇಗೆ ಬಂದು ಪೆಡಲ್ ಒತ್ತಿದೆ. ಗಾಡಿ ಹದಿನೈದು ಕಿಲೋಮೀಟರ್ ವೇಗಕ್ಕೆ ಬಂದು ಅಲ್ಲೇ ನಿಂತಿತು. ಇನ್ನಷ್ಟು ಒತ್ತಿದೆ. ಹದಿಮೂರಾಯಿತು. ಇಷ್ಟು ವರ್ಷದ ಕೆಟ್ಟ ಅಭ್ಯಾಸ ಬಿಟ್ಟಿದೆಯಲ್ಲ, ಪಥ್ಯದಲ್ಲಿದೆ, ಸುಸ್ತು ಇರುವುದು ಸಹಜ ಎಂದುಕೊಂಡೆ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವನೊಬ್ಬ ನನ್ನನ್ನು ದಾಟಿ ಮುಂದೆ ಹೋದ. ಹೋಗುವಾಗ "ಗಾಡಿ ಕೆಟ್ಟಿದೆಯಾ ಸ್ವಾಮಿ?" ಎಂದು ವಿಚಾರಿಸಿದ. ನಾನು ಹಾರನ್ ಹೊಡೆದೆ. ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಒಂಬತ್ತು ದಾಟಿತ್ತು.

ಮದುಮಗ ನಾಗರಾಜ ಪೇಟ, ಬಾಸಿಂಗ, ರೇಷ್ಮೆ ಪಂಚೆಯಲ್ಲಿ ಸಿದ್ಧನಾಗಿ ನಿಂತಿದ್ದ. ಟೊಮೇಟೊ ಬೆಳೆದು, ಕೋಲಾರದ ಮಂಡಿಯಲ್ಲಿ ಕ್ರೇಟುಗಳನ್ನು ತಾನೇ ಎತ್ತಿಳಿಸುವ ಹುಡುಗ. ಪಕ್ಕದಲ್ಲಿ ಅವನ ತಾಯಿ ನಂಜಮ್ಮ. ಉಳಿದವರೆಲ್ಲ ಮೆಟ್ಟಿಲು ಹತ್ತಿ ಮೇಲೆ ಹೋಗಿಯಾಗಿತ್ತು.

"ಲೇಟಾಯ್ತಲ್ಲ ಅಯ್ನೋರೇ, ನಾವೂ ನಡ್ಕೊಂಡೇ ಹೋಗ್ತಿದ್ವಿ," ಎಂದಳು ನಂಜಮ್ಮ.

"ಐದೇ ನಿಮಿಷ ತಾಯಿ. ಹತ್ತಿ."

ಮಣ್ಣು ದಾರಿ ಬೆಟ್ಟವನ್ನು ಸುತ್ತಿಕೊಂಡು ಹೋಗುತ್ತದೆ. ಫೋರ್ ವೀಲ್ ಹಾಕಿದೆ. ಮೊದಲ ತಿರುವು ದಾಟಿತು. ಎರಡನೆಯದನ್ನು ಹೇಗೋ ದಾಟಿತು. ಮೂರನೆಯದರಲ್ಲಿ ಜೀಪು ಒಂದು ದೀರ್ಘ ನಿಟ್ಟುಸಿರು ಬಿಡಲು ನೋಡಿ, ಅದನ್ನೂ ಬಿಡಲಾಗದೆ ನಿಂತುಬಿಟ್ಟಿತು. ಮತ್ತೆ ಸ್ಟಾರ್ಟ್ ಮಾಡಿದೆ. ಮತ್ತೆ ನಿಂತಿತು. ಗಂಟೆ ಒಂಬತ್ತು ಇಪ್ಪತ್ತೈದು.

"ದೃಷ್ಟಿ ಆಗೈತೆ," ಎಂದು ನಂಜಮ್ಮ ಕೆಳಗಿಳಿದು ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಳು. ಜೀಪು ನಿಂಬೆಹಣ್ಣಿನವರೆಗೂ ಹೋಗಲಿಲ್ಲ. ನಾಗರಾಜ ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದ. ಅವನು ತಳ್ಳಿದಷ್ಟು ದೂರ ಗಾಡಿ ಹೋಯಿತು. ಬಿಟ್ಟ ಕೂಡಲೇ ಅಷ್ಟೇ ದೂರ ವಾಪಸ್ಸು ಬಂತು. ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದೆವು. ಮೇಲಿನಿಂದ ವಾಲಗ ಕೇಳುತ್ತಿತ್ತು. ಲಗ್ನ ಹುಡುಕಿದವನು ನಾನು, ಶ್ರಾವಣದ ಮಾತೆತ್ತಿ ಹೆದರಿಸಿದವನು ನಾನು, ಮೆಟ್ಟಿಲು ಹತ್ತಲು ಹೊರಟಿದ್ದ ಹುಡುಗನನ್ನು ತಡೆದವನೂ ನಾನು. ಒಂದು ಹೆಣ್ಣಿನ ಮದುವೆ ನನ್ನ ಹೆಮ್ಮೆಯಿಂದ ನಿಂತುಹೋಗುತ್ತದೆ ಎಂದು ನಿಜವಾಗಿಯೂ ಹೆದರಿದೆ.

"ನಡೀರಿ ಸ್ವಾಮಿ, ನಡೆದೇ ಹೋಗೋಣ," ಎಂದ ನಾಗರಾಜ.

ನಾನು ನಡೆದೆ. ಇಪ್ಪತ್ತು ಹೆಜ್ಜೆ. ಮೂವತ್ತು ವರ್ಷ ಮದುವೆ ಊಟ ಉಂಡ ದೇಹ ಇದು. ಜೀಪಿಗೆ ಆದದ್ದೇ ನನಗೂ ಆಯಿತು. ಬಂಡೆಯೊಂದರ ಮೇಲೆ ಕುಳಿತು ಏದುಸಿರು ಬಿಡುತ್ತ ಹೇಳಿದೆ:

"ನೀನು ಹೋಗಪ್ಪಾ. ನಾನು ಬರ್ತೀನಿ."

"ನಾನೊಬ್ನೇ ಹೋಗಿ ಏನ್ ಮಾಡ್ಲಿ ಸ್ವಾಮಿ? ಮಂತ್ರ ಯಾರು ಹೇಳ್ತಾರೆ?" ಅವನು ನನ್ನ ಮುಂದೆ ಬೆನ್ನು ಕೊಟ್ಟು ಕುಳಿತ. "ಹತ್ತಿ."

"ಛೆ ಛೆ, ಏನು ಮಾತು ಅಂತ ಆಡ್ತೀಯ."

"ನಿಮ್ಮಂಥ ನಾಲ್ಕು ಕ್ರೇಟು ದಿನಾ ಎತ್ತೀನಿ. ಟೈಮಿಲ್ಲ, ಹತ್ತಿ ಸ್ವಾಮಿ."

ವರ ಎಂದರೆ ಆ ದಿನ ಸಾಕ್ಷಾತ್ ಮಹಾವಿಷ್ಣು. ವಿಷ್ಣುವನ್ನು ಹೊರಲು ಗರುಡನಿದ್ದಾನೆ. ವಿಷ್ಣುವೇ ಪುರೋಹಿತನನ್ನು ಹೊರುವ ವಿಷಯ ನಾನು ಓದಿದ ಯಾವ ಶಾಸ್ತ್ರದಲ್ಲೂ ಇಲ್ಲ. ಆದರೆ ಗಂಟೆ ಒಂಬತ್ತು ಮೂವತ್ತಾರು. ನಾನು ಹತ್ತಿದೆ. ನಂಜಮ್ಮ ನನ್ನ ಚೀಲ ಹಿಡಿದು ಹಿಂದೆ ಓಡಿ ಬಂದಳು. ಸಮಯ ಉಳಿಯಲಿ ಎಂದು ನಾನು ಬೆನ್ನ ಮೇಲಿಂದಲೇ ಸಂಕಲ್ಪ ಶುರು ಮಾಡಿದೆ. "ನಿನ್ನ ಗೋತ್ರ ಹೇಳಪ್ಪಾ" ಎಂದೆ. "ಮೇಲೆ ಹೋಗಿ ಹೇಳ್ತೀನಿ ಸ್ವಾಮಿ, ಈಗ ಸುಮ್ನೆ ಕೂತ್ಕೊಳಿ" ಎಂದು ನಾಗರಾಜ ಬುಸುಗುಟ್ಟಿದ.

ಗುಡಿಯ ಮುಂದೆ ಜನವೆಲ್ಲ ದಾರಿ ಕಾಯುತ್ತ ನಿಂತಿದ್ದರು. ಮದುಮಗ ಜೀಪಿನಲ್ಲಿ ಬರುತ್ತಾನೆಂದು ಬಾಣ ಬಿರುಸು ಬೇರೆ ಇಟ್ಟಿದ್ದರು. ಅವರಿಗೆ ಕಂಡದ್ದು ಬಾಸಿಂಗ ಕಟ್ಟಿದ ವರ, ಅವನ ಹೆಗಲ ಮೇಲೆ ನನ್ನ ತಲೆ, ಅವನ ಎರಡು ಕಡೆ ನೇತಾಡುವ ನನ್ನ ಕಾಲು. ವಾಲಗದವರು ಊದುವುದನ್ನೇ ಮರೆತರು. ಮುನಿವೆಂಕಟಪ್ಪ ಓಡಿ ಬಂದು ಇಬ್ಬರಲ್ಲಿ ಯಾರನ್ನು ಎದುರುಗೊಳ್ಳಬೇಕೋ ತಿಳಿಯದೆ ಇಬ್ಬರ ಮೇಲೂ ಅಕ್ಷತೆ ಹಾಕಿದ.

ಹತ್ತಕ್ಕೆ ಹದಿಮೂರು ನಿಮಿಷ ಇರುವಾಗ ತಾಳಿ ಕಟ್ಟಿಸಿದೆ. ಇಂದಿಗೂ ಎದೆ ತಟ್ಟಿ ಹೇಳುತ್ತೇನೆ, ನಾನು ಕೊಟ್ಟ ಮುಹೂರ್ತ ತಪ್ಪಲಿಲ್ಲ. ಆಮೇಲೆ ವರನಿಗೆ ಪ್ರಮಾಣ ಮಾಡಿಸುವಾಗ, ಅಭ್ಯಾಸ ಬಲದಿಂದ ಕನ್ನಡದಲ್ಲೂ ವಿವರಿಸಿದೆ: "ನೋಡಪ್ಪಾ ನಾಗರಾಜ, ಇನ್ನು ಮೇಲೆ ಈ ಹುಡುಗಿ ಭಾರ ಪೂರ್ತಿ ನಿಂದು. ಹೊರ್ತೀಯಾ?"

ಅವನು ಇನ್ನೂ ಏದುಸಿರು ಬಿಡುತ್ತಿದ್ದ. ತಲೆ ತಗ್ಗಿಸಿ ಕುಳಿತಿದ್ದ ಮಂಜುಳ ಮೆಲ್ಲಗೆ ಹೇಳಿದಳು: "ನಿಮ್ಮನ್ನೇ ಹೊತ್ಕೊಂಡು ಬಂದವ್ರೆ ಸ್ವಾಮಿ. ನಾನು ಅರ್ಧ ಇದೀನಿ."

ಗುಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ಸೋಮವಾರ ಚಲಪತಿ ಬೆಟ್ಟಕ್ಕೆ ಬಂದ. ನೋಡಲು ಅರ್ಧ ಊರು ಸೇರಿತು. ಅವನು ಜೀಪಿನ ಕೆಳಗೆ ಹೋಗಿ ಹತ್ತು ನಿಮಿಷದಲ್ಲಿ ಕಪ್ಪಾದ ತಾಮ್ರದ ಪ್ಲೇಟು ಹಿಡಿದು ಹೊರಗೆ ಬಂದ.

"ಸ್ವಾಮಿ, ಇದನ್ನ ಒಳಕ್ಕೆ ಹೋಗೋ ಹೊಗೆಗೆ ಹಾಕಬೇಕಿತ್ತು. ನೀವು ಹೊರಕ್ಕೆ ಹೋಗೋ ಸೈಲೆನ್ಸರ್ ಪೈಪಿಗೆ ಹಾಕಿದೀರ. ಪಾಪ, ಉಸಿರೇ ಬಿಡಕ್ಕಾಗಿಲ್ಲ ಅದಕ್ಕೆ."

"ಹಾಗಾದ್ರೆ ಅಷ್ಟೊಂದು ಹೊಗೆ ಎಲ್ಲಿ ಹೋಯ್ತಪ್ಪಾ?"

"ಎಲ್ಲಿಗೆ ಹೋಗುತ್ತೆ? ಹೊರಗೆ ಹೋಗೋಕೆ ಆ ತೂತು ಸಾಲ್ದು. ಆ ಸಣ್ಣ ಪೈಪು ತೆರೆದೇ ಇತ್ತು. ಎಲ್ಲಾ ವಾಪಸ್ಸು ಒಳಕ್ಕೇ ನುಗ್ಗಿದೆ. ಮೊದಲು ಒಂದು ತುತ್ತು ತಿನ್ನುತ್ತಿತ್ತು ಸ್ವಾಮಿ. ನೀವು ಮೂರು ದಿನ ಬರೀ ಎಂಜಲನ್ನೇ ತಿನ್ನಿಸಿದೀರ."

ಚಲಪತಿ ಅದೇ ತಗಡಿನಲ್ಲಿ ಸಣ್ಣದೊಂದು ಪ್ಲೇಟು ಕತ್ತರಿಸಿ, ಹೆಬ್ಬೆರಳು ಗಾತ್ರದ ಆ ಪೈಪಿಗೆ ಕೂರಿಸಿ ಕೊಟ್ಟ. ಜೀಪು ಬೆಟ್ಟವನ್ನು ಎರಡನೇ ಗೇರಿನಲ್ಲೇ ಹತ್ತಿತು. ನಾನು ಹಾರನ್ ಹೊಡೆಯುತ್ತ ಗುಡಿಯವರೆಗೆ ಹೋಗಿ ಬಂದೆ. "ಬನ್ನಿ, ಒಂದು ರೌಂಡ್ ಕರ್ಕೊಂಡು ಹೋಗ್ತೀನಿ" ಎಂದು ಕೆಳಗೆ ನಿಂತವರನ್ನು ಕರೆದೆ. ಎಲ್ಲರೂ ತಮಗೆ ಕೆಲಸವಿದೆ ಎಂದರು.

ನನ್ನ ಕಸುಬಿಗೇನೂ ತೊಂದರೆಯಾಗಲಿಲ್ಲ. ಈಗಲೂ ಜನ ಕರೆಯುತ್ತಾರೆ, ನಾನೂ ಹೆಮ್ಮೆಯಿಂದ ಜೀಪಿನಲ್ಲೇ ಹೋಗುತ್ತೇನೆ. ಆದರೆ ಆ ಮದುವೆಯ ಮರುವರ್ಷ ಟೇಕಲ್ ಕಡೆಯ ಹಿರಿಯರೊಬ್ಬರು ಮಗಳ ಲಗ್ನ ಗೊತ್ತು ಮಾಡಿಸಲು ಮನೆಗೆ ಬಂದರು. ಜಾತಕ ಕೂಡಿತು, ದಿನವೂ ಸಿಕ್ಕಿತು. ಮದುವೆ ಮಾಲೂರಿನ ಛತ್ರದಲ್ಲಿ, ಬಸ್ ಸ್ಟ್ಯಾಂಡಿಗೆ ಹತ್ತಿರ, ಸಪಾಟು ನೆಲ. ಸಾವಿತ್ರಿ ಕೊಟ್ಟ ಕಾಫಿ ಕುಡಿದು ಅವರು ಎದ್ದರು. ಬಾಗಿಲವರೆಗೆ ಹೋಗಿ, ಏನೋ ಹೇಳಲು ಸಂಕೋಚಪಟ್ಟುಕೊಂಡು, ವಾಪಸ್ಸು ಬಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ತಪ್ಪು ತಿಳ್ಕೋಬೇಡಿ ಸ್ವಾಮಿ. ಹುಡುಗ ಸ್ವಲ್ಪ ಸಣಕಲು. ನೀವೇ ಬರ್ತೀರಾ, ಇಲ್ಲ ಬೇರೆ ಯಾರನ್ನಾದ್ರೂ ಕಳಿಸ್ತೀರಾ?"